ಹೊನ್ನಿನ ಜಿಂಕೆ, ಹಿಟ್ಟಿನ ಕೋಳಿ: ಮೋಸ ಹೋಗುವಾಗ ನಮ್ಮೊಳಗೆ ನಡೆಯುವುದೇನು?

ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಹೊನ್ನಿನ ಜಿಂಕೆ ಕಾಣಿಸಿಕೊಂಡ ಕೂಡಲೇ ಲಕ್ಷ್ಮಣ ಅದು ಯಾರೆಂದು ಹೆಸರು ಹಿಡಿದೇ ಹೇಳುತ್ತಾನೆ: ಇವನು ಮಾರೀಚ, ಮೈತುಂಬ ರತ್ನ ಹೊತ್ತ ಜಿಂಕೆ ಲೋಕದಲ್ಲಿ ಎಲ್ಲೂ ಇಲ್ಲ, ಇದು ಮಾಯೆ. ಕಥೆಯ ಈ ಭಾಗ ನಮ್ಮಲ್ಲಿ ಬಹಳ ಜನಕ್ಕೆ ಮರೆತುಹೋಗಿದೆ. ಗೊತ್ತಿಲ್ಲದೆ ಮೋಸವಾಯಿತು ಎಂದೇ ನೆನಪಿಟ್ಟುಕೊಂಡಿದ್ದೇವೆ. ಎಚ್ಚರಿಕೆ ಸಿಕ್ಕಿತ್ತು, ಸರಿಯಾಗಿಯೇ ಸಿಕ್ಕಿತ್ತು, ಹೊತ್ತಿಗೆ ಮುಂಚೆಯೇ ಸಿಕ್ಕಿತ್ತು. ಅದಕ್ಕೆ ರಾಮ ಕೊಡುವ ಉತ್ತರ ನೋಡಿ: ನಿಜವಾದ ಜಿಂಕೆಯಾದರೆ ಸೀತೆಯ ಆಸೆ ಈಡೇರುತ್ತದೆ, ನೀನು ಹೇಳುವಂತೆ ಮಾರೀಚನಾದರೆ ಅವನನ್ನು ಕೊಲ್ಲುವುದು ಹೇಗಿದ್ದರೂ ಆಗಬೇಕಾದ ಕೆಲಸ. ಹೋಗಬೇಡ ಎನ್ನಲು ಹೇಳಿದ ಮಾತೇ ಹೋಗುವುದಕ್ಕೆ ಎರಡನೆಯ ಕಾರಣವಾಯಿತು.

ಸ್ವಲ್ಪ ಹೊತ್ತಿಗೆ ಕಾಡಿನೊಳಗಿಂದ ರಾಮನ ದನಿಯಲ್ಲಿ ಕೂಗು ಕೇಳಿಸುತ್ತದೆ. ಇದು ಅಣ್ಣನ ದನಿಯಲ್ಲ, ರಾಕ್ಷಸರ ಮಾಯೆ ಎಂದು ಲಕ್ಷ್ಮಣ ಮತ್ತೆ ಹೇಳುತ್ತಾನೆ. ಈ ಸಲ ಸೀತೆ ಅವನ ಮಾತನ್ನು ತಳ್ಳಿಹಾಕಿ ಸುಮ್ಮನಾಗುವುದಿಲ್ಲ, ಎಚ್ಚರಿಸಿದವನ ಮೇಲೇ ಅನುಮಾನಪಡುತ್ತಾಳೆ. ನಿನ್ನ ಮನಸ್ಸಿನಲ್ಲಿರುವುದೇ ಬೇರೆ ಎನ್ನುತ್ತಾಳೆ.

ಒಂದೇ ಪ್ರಸಂಗದಲ್ಲಿ ಎರಡು ಬಲೆಗಳಿವೆ, ಜಿಂಕೆ ಆಸೆಯದು, ಕೂಗು ಭಯದ್ದು. ಇವತ್ತು ಬೆಂಗಳೂರಿನಲ್ಲಿ ನಡೆಯುವ ಮೋಸಗಳಲ್ಲಿ ಬಹುಪಾಲು ಈ ಎರಡರಲ್ಲಿ ಒಂದಕ್ಕೆ ಸೇರುತ್ತವೆ. ಎರಡರಲ್ಲೂ ಹೊರಗಿನವನು ಮಾಡುವುದು ಅರ್ಧ ಕೆಲಸ. ಉಳಿದರ್ಧ ಕೇಳುವವರ ಒಳಗೇ ನಡೆಯುತ್ತದೆ. ಹೀಗೆಂದರೆ ಮೋಸಹೋದವರದೇ ತಪ್ಪು ಎಂದಲ್ಲ. ಅಪರಾಧ ವಂಚಿಸಿದವನದೇ. ಆದರೆ ಒಳಗೆ ನಡೆಯುವ ಆ ಅರ್ಧ ಅರ್ಥವಾಗದಿದ್ದರೆ ‘ಹುಷಾರಾಗಿರಿ’ ಎನ್ನುವ ಬುದ್ಧಿಮಾತು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಲಕ್ಷ್ಮಣನ ಮಾತಿಗೆ ಆದ ಗತಿಯೇ ಅದಕ್ಕೂ ಆಗುತ್ತದೆ.

ತನಗೆ ತಾನೇ ಮೋಸ ಮಾಡಿಕೊಳ್ಳುವುದು ಹೇಗೆ ಸಾಧ್ಯ ಎನ್ನುವುದು ತತ್ತ್ವಶಾಸ್ತ್ರದ ಹಳೆಯ ಗಂಟು. ಸುಳ್ಳು ಹೇಳುವವನಿಗೆ ನಿಜ ಗೊತ್ತಿರಬೇಕು, ಕೇಳುವವನಿಗೆ ಗೊತ್ತಿರಬಾರದು. ಇಬ್ಬರೂ ಒಬ್ಬನೇ ಆದರೆ ಗೊತ್ತಿದ್ದೂ ಗೊತ್ತಿಲ್ಲದಂತಿರುವುದು ಎಂದರೇನು? ಮನಸ್ಸಿನೊಳಗೆ ಸುಳ್ಳುಗಾರ ಒಬ್ಬ ಬೇರೆಯಾಗಿ ಕೂತಿದ್ದಾನೆ ಎಂದು ಊಹಿಸಿಕೊಳ್ಳದೆಯೂ ಈ ಗಂಟು ಬಿಡಿಸಬಹುದು. ನಾವು ಸುಳ್ಳನ್ನು ಆರಿಸಿಕೊಳ್ಳುವುದಿಲ್ಲ, ಎಲ್ಲಿ ನೋಡಬೇಕು, ಯಾವಾಗ ನೋಡುವುದನ್ನು ನಿಲ್ಲಿಸಬೇಕು ಎನ್ನುವುದನ್ನು ಆರಿಸಿಕೊಳ್ಳುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಇದನ್ನು ಎರಡು ಪ್ರಶ್ನೆಗಳಲ್ಲಿ ಹಿಡಿದಿಟ್ಟಿದ್ದಾರೆ. ನಮಗೆ ಬೇಕಾದ ಸಂಗತಿ ಎದುರಾದರೆ ‘ಇದನ್ನು ನಂಬಬಹುದೇ?’ ಎಂದು ಕೇಳಿಕೊಳ್ಳುತ್ತೇವೆ. ಬೇಡದ ಸಂಗತಿಯಾದರೆ ‘ಇದನ್ನು ನಂಬಲೇಬೇಕೇ?’ ಎಂದು. ಮೊದಲ ಪ್ರಶ್ನೆಗೆ ಒಂದೇ ಒಂದು ಸಾಕ್ಷಿ ಸಾಕು, ಹೌದು ಎನ್ನಬಹುದು. ಎರಡನೆಯದಕ್ಕೆ ಒಂದೇ ಒಂದು ಸಣ್ಣ ಬಿರುಕು ಸಾಕು, ಇಲ್ಲ ಎನ್ನಬಹುದು. ಎರಡೂ ಕಡೆ ನಾವು ಪ್ರಾಮಾಣಿಕವಾಗಿಯೇ ವಿಚಾರಿಸಿರುತ್ತೇವೆ. ಅಳತೆಗೋಲು ಬದಲಾದದ್ದು ಮಾತ್ರ ಗಮನಕ್ಕೆ ಬಂದಿರುವುದಿಲ್ಲ.

ಇದನ್ನು ಕಣ್ಣಾರೆ ನೋಡಬೇಕೆಂದರೆ ನಗರದ ಅಂಚಿನ ಸೈಟು ವ್ಯಾಪಾರ ನೋಡಬೇಕು. ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ, ಬಡಾವಣೆ ನಕ್ಷೆಗೆ ಮಂಜೂರಾತಿ ಪಡೆಯದೆ, ಕಲ್ಲು ನೆಟ್ಟು ಮಣ್ಣಿನ ರಸ್ತೆ ಬಿಟ್ಟು 30-40 ಅಡಿಯ ತುಂಡುಗಳನ್ನಾಗಿ ಮಾರುವ ರೆವಿನ್ಯೂ ಸೈಟುಗಳು. ಇಲ್ಲಿ ಚುರುಕಾದ ಬ್ರೋಕರ್ ಸುಳ್ಳು ಹೇಳುವುದೇ ಅಪರೂಪ. ‘ಆಗಲೇ ಹತ್ತು ಮನೆ ಎದ್ದಿವೆ ಸಾರ್’, ‘ಖಾತಾ ಇದೆ, ಟ್ಯಾಕ್ಸ್ ಕಟ್ಟಿದ್ದಾರೆ’, ‘ಇಸಿ ಕ್ಲೀನ್ ಇದೆ’, ‘ಮುಂದೆ ಎಲ್ಲಾ ಸಕ್ರಮ ಆಗುತ್ತೆ’. ಮೊದಲ ಮೂರೂ ನಿಜವೇ ಇರಬಹುದು. ಒಂದೊಂದನ್ನೂ ಬಿಡಿಸಿ ನೋಡೋಣ.

ಮನೆ ಎದ್ದಿರುವುದು ಜನ ಕಟ್ಟಿದ್ದಾರೆ ಎನ್ನುವುದಕ್ಕೆ ಸಾಕ್ಷಿ, ಹಕ್ಕಿಗೆ ಅಲ್ಲ. ಖಾತಾ ಎಂದರೆ ತೆರಿಗೆ ಯಾರಿಂದ ವಸೂಲಿ ಮಾಡಬೇಕು ಎಂಬ ದಾಖಲೆ, ಅದು ಮಾಲೀಕತ್ವದ ಪತ್ರವಲ್ಲ. ತೆರಿಗೆ ರಶೀದಿಯೂ ಅಷ್ಟೇ. ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ವ್ಯವಹಾರ ನಡೆದಿದ್ದರೆ ನಮೂನೆ 15, ಏನೂ ನಡೆದಿಲ್ಲದಿದ್ದರೆ ನಮೂನೆ 16 ಸಿಗುತ್ತದೆ. ನೋಂದಣಿಯಾಗದ ಅಗ್ರಿಮೆಂಟು, ಬಾಯಿಮಾತಿನ ಪಾಲು, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹಕ್ಕು, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಅದರಲ್ಲಿ ಕಾಣಬೇಕೆಂದೇನೂ ಇಲ್ಲ. ಸಕ್ರಮದ ಮಾತಂತೂ ಪೂರ್ತಿ ಭವಿಷ್ಯಕ್ಕೆ ಸೇರಿದ್ದು. ರಾಜ್ಯದ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆಮೇಲೆಯೂ ಅದೇ ಮಾತಿನ ಮೇಲೆ ಸೈಟುಗಳು ಮಾರಾಟವಾಗುತ್ತಲೇ ಇವೆ. ಜಿಪಿಎ, ಅಂದರೆ ಮಾಲೀಕನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಬರೆಸಿಕೊಂಡರೆ ಸಾಕು ಎನ್ನುವವರೂ ಇದ್ದಾರೆ. ಜಿಪಿಎ ಮೂಲಕದ ಮಾರಾಟದಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಇದರಲ್ಲಿ ಯಾವುದೂ ಗುಟ್ಟಲ್ಲ. ಸೈಟು ಕೊಳ್ಳುವವರಲ್ಲಿ ಬಹಳ ಜನಕ್ಕೆ ಗೊತ್ತಿರುವ ಸಂಗತಿಗಳೇ. ಹಾಗಾದರೆ ಎಲ್ಲಿ ಜಾರುತ್ತೇವೆ? ಕ್ರಮದಲ್ಲಿ. ಮೊದಲು ಭಾನುವಾರ ಮನೆಯವರನ್ನೆಲ್ಲ ಕರೆದುಕೊಂಡು ಸೈಟು ನೋಡಲು ಹೋಗುತ್ತೇವೆ. ಪೂರ್ವಕ್ಕೆ ಬಾಗಿಲು, ಇಲ್ಲಿ ಅಡುಗೆಮನೆ, ಆ ಮೂಲೆಯಲ್ಲಿ ಕರಿಬೇವಿನ ಗಿಡ ಎಂದು ಮಾತಾಡಿಕೊಂಡಾಗಲೇ ಮನಸ್ಸು ಅಲ್ಲಿ ಮನೆ ಕಟ್ಟಿಬಿಟ್ಟಿರುತ್ತದೆ. ‘ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ’ ಎಂದು ಕೇಳಿ ಟೋಕನ್ ಅಡ್ವಾನ್ಸ್ ಕೊಟ್ಟಿರುತ್ತೇವೆ. ಆಮೇಲೆ ವಕೀಲರ ಬಳಿ ಹೋಗುತ್ತೇವೆ. ಆಗ ನಾವು ಕೇಳುವುದು ‘ಪೇಪರ್ಸ್ ಓಕೆ ಅಲ್ವಾ ಸಾರ್?’ ಎಂದು. ಆ ಪ್ರಶ್ನೆಯಲ್ಲೇ ನಮಗೆ ಬೇಕಾದ ಉತ್ತರವಿದೆ.

ಕ್ರಮವನ್ನು ತಿರುಗಿಸಬೇಕು. ಜಾಗ ನೋಡುವುದಕ್ಕೆ ಮುಂಚೆಯೇ ಮೂಲಪತ್ರ, ಕನಿಷ್ಠ 30 ವರ್ಷದ ಇಸಿ, ಪಹಣಿ ಮತ್ತು ಮ್ಯುಟೇಶನ್, ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಮಂಜೂರು ಮಾಡಿದ ಬಡಾವಣೆ ನಕ್ಷೆ, ಮಾರುವ ಕುಟುಂಬದ ವಂಶವೃಕ್ಷ, ಇಷ್ಟರ ಪ್ರತಿ ತರಿಸಿಕೊಳ್ಳಬೇಕು. 500 ಚದರ ಮೀಟರ್ ಮೀರಿದ ಬಡಾವಣೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು, ಆ ಸಂಖ್ಯೆಯನ್ನು ಕೈಯಾರೆ ಹುಡುಕಿ ನೋಡಬೇಕು. ವಕೀಲರನ್ನು ಬ್ರೋಕರ್ ಅಲ್ಲ, ನಾವು ಆರಿಸಬೇಕು. ವ್ಯಾಪಾರ ಮುರಿದರೂ ಅವರಿಗೆ ಅಷ್ಟೇ ಶುಲ್ಕ ಎಂದು ಮೊದಲೇ ಹೇಳಿ, ‘ಇದನ್ನು ಕೊಳ್ಳಬಾರದು ಎನ್ನಲು ಏನೇನು ಕಾರಣಗಳಿವೆ?’ ಎಂದು ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಕಾಗದ ಸಿಗದಿದ್ದರೆ ಎದ್ದು ಬರುತ್ತೇವೆ ಎನ್ನುವುದನ್ನು ಮೊದಲೇ ಕಾಗದದ ಮೇಲೆ ಬರೆದಿಡಬೇಕು. ತಲೆಯೊಳಗಿನ ಷರತ್ತು ಆಸೆ ಬಂದಾಗ ಸಡಿಲವಾಗುತ್ತದೆ. ಬರೆದದ್ದನ್ನು ಸಡಿಲಿಸಲು ಹೊಡೆದುಹಾಕಬೇಕು, ಹೊಡೆದುಹಾಕುವಾಗ ಕೈಗೆ ಗೊತ್ತಾಗುತ್ತದೆ.

ತಿಂಗಳ ಲಾಭದ ಸ್ಕೀಮುಗಳಲ್ಲಿ ಲೆಕ್ಕ ಇನ್ನೂ ನೇರ. ನೂರು ಜನ ತಲಾ 1 ಲಕ್ಷ ಹಾಕಿದರು, ಒಟ್ಟು 1 ಕೋಟಿ ಎಂದುಕೊಳ್ಳಿ. ತಿಂಗಳಿಗೆ ಶೇ 5 ಕೊಡುವ ಮಾತು. ಯಾವ ವ್ಯಾಪಾರವನ್ನೂ ಮಾಡದೆ, ಅದೇ ದುಡ್ಡಿನಿಂದ ತಿಂಗಳಿಗೆ 5 ಲಕ್ಷ ಹಂಚುತ್ತ ಹೋದರೂ ಸ್ಕೀಮು 20 ತಿಂಗಳು ಚೆನ್ನಾಗಿಯೇ ನಡೆಯುತ್ತದೆ. ಎಂಟನೆಯ ತಿಂಗಳಲ್ಲಿ ‘ತಪ್ಪದೆ ಬರ್ತಿದೆ’ ಎಂದು ಭಾವಮೈದುನನಿಗೆ ಹೇಳುವವರ ಕೈಗೆ ಬಂದಿರುವುದು 40 ಸಾವಿರ, ಅದೂ ಅವರದೇ ದುಡ್ಡು. ಇನ್ನು ಅರ್ಧ ಜನ ‘ಬಡ್ಡಿ ಬೇಡ, ಅಸಲಿಗೇ ಸೇರಿಸಿ’ ಎಂದರೆ? ಆಗ ಹೊರಗೆ ಹೋಗುವುದು ತಿಂಗಳಿಗೆ ಎರಡೂವರೆ ಲಕ್ಷ ಮಾತ್ರ. 20 ತಿಂಗಳ ಕೊನೆಗೆ ಕೈಯಲ್ಲಿ 50 ಲಕ್ಷ ಉಳಿದಿರುತ್ತದೆ, ಪುಸ್ತಕದಲ್ಲಿ ಕೊಡಬೇಕಾದದ್ದು ಸುಮಾರು 1 ಕೋಟಿ 83 ಲಕ್ಷಕ್ಕೆ ಏರಿರುತ್ತದೆ. ಬಡ್ಡಿ ತೆಗೆಯದವರೇ ವಂಚಕನ ಆಯುಸ್ಸು ಹೆಚ್ಚಿಸುತ್ತಾರೆ. ತಿಂಗಳಿಗೆ ಶೇ 5 ಎಂದರೆ ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಶೇ 80ರ ಹತ್ತಿರ. ಯಾವ ನ್ಯಾಯವಾದ ವ್ಯಾಪಾರವೂ ವರ್ಷಗಟ್ಟಲೆ ಅಷ್ಟು ಕೊಡಲಾರದು. 1920ರಲ್ಲಿ ಬಾಸ್ಟನ್ ನಗರದ ಚಾರ್ಲ್ಸ್ ಪೊಂಜಿ 45 ದಿನಕ್ಕೆ ಶೇ 50 ಲಾಭ ಎಂದು ಹೇಳಿ ಹೀಗೇ ವಂಚಿಸಿದ್ದ. 2019ರ ಜೂನ್‌ನಲ್ಲಿ ಶಿವಾಜಿನಗರದ ಐಎಂಎ ಎಂಬ ಹೂಡಿಕೆ ಕಂಪನಿಯ ಸ್ಥಾಪಕ ದೇಶ ಬಿಟ್ಟು ಹೋದಾಗ ಕಂಗಾಲಾದ ಹೂಡಿಕೆದಾರರು ಸಾವಿರಾರು.

ಭಾವಮೈದುನನಿಗೆ ಹೇಳುವ ಆ ಕ್ಷಣವೇ ನಿರ್ಣಾಯಕ. 1959ರಲ್ಲಿ ಲಿಯಾನ್ ಫೆಸ್ಟಿಂಗರ್ ಮತ್ತು ಜೇಮ್ಸ್ ಕಾರ್ಲ್‌ಸ್ಮಿತ್ ಪ್ರಕಟಿಸಿದ ಪ್ರಯೋಗವೊಂದಿದೆ. ವಿದ್ಯಾರ್ಥಿಗಳಿಂದ ತೀರಾ ಬೇಸರದ ಕೆಲಸ ಮಾಡಿಸಿದರು: ಗೂಟಗಳನ್ನು ಕಾಲು ಸುತ್ತಿನಷ್ಟು ತಿರುಗಿಸುವುದು, ಮತ್ತೆ ತಿರುಗಿಸುವುದು. ಆಮೇಲೆ ಹೊರಗೆ ಕಾದಿರುವವರಿಗೆ ‘ಕೆಲಸ ತುಂಬ ಮಜವಾಗಿದೆ’ ಎಂದು ಹೇಳಲು ಕೆಲವರಿಗೆ 1 ಡಾಲರ್, ಇನ್ನು ಕೆಲವರಿಗೆ 20 ಡಾಲರ್ ಕೊಟ್ಟರು. ಕೊನೆಯಲ್ಲಿ, ನಿಜವಾಗಿ ಹೇಗಿತ್ತು ಎಂದು ಕೇಳಿದಾಗ ಕೆಲಸ ಚೆನ್ನಾಗಿತ್ತು ಎಂದು ಹೆಚ್ಚಾಗಿ ಹೇಳಿದವರು 1 ಡಾಲರ್ ಪಡೆದವರು. 20 ಡಾಲರ್ ಸಿಕ್ಕವರಿಗೆ ತಾವು ಸುಳ್ಳು ಹೇಳಿದ್ದೇಕೆಂಬುದಕ್ಕೆ ಕಾರಣವಿತ್ತು. 1 ಡಾಲರಿನವರಿಗೆ ಇರಲಿಲ್ಲ, ಅದಕ್ಕೇ ಅವರು ಹೇಳಿದ್ದನ್ನೇ ನಂಬತೊಡಗಿದರು. ನೆಂಟರನ್ನು ಸ್ಕೀಮಿಗೆ ಸೇರಿಸಿದವರ ಸ್ಥಿತಿಯೂ ಇದೇ. ಇನ್ನು ಮೇಲೆ ಅನುಮಾನಪಟ್ಟರೆ ಕಳೆದುಕೊಳ್ಳುವುದು ದುಡ್ಡನ್ನು ಮಾತ್ರವಲ್ಲ, ತಂಗಿಯ ಮನೆಯ ಮುಂದೆ ತಲೆಯೆತ್ತಿ ನಿಲ್ಲುವ ಮುಖವನ್ನೂ. ಆದ್ದರಿಂದ ಅನುಮಾನವೇ ಬರುವುದಿಲ್ಲ.

ಮುಖ ಉಳಿಸಿಕೊಳ್ಳುವ ಈ ಒತ್ತಡವನ್ನು ಕನ್ನಡದಲ್ಲಿ ಜನ್ನನಷ್ಟು ಆಳವಾಗಿ ನೋಡಿದವರು ಕಡಿಮೆ. 1209ರ ‘ಯಶೋಧರ ಚರಿತೆ’ಯಲ್ಲಿ ರಾಜ ಯಶೋಧರ ತನ್ನ ರಾಣಿ ಅಮೃತಮತಿ ನಡುರಾತ್ರಿ ಮಾವುತ ಅಷ್ಟಾವಂಕನ ಬಳಿಗೆ ಹೋಗುವುದನ್ನು ಕಣ್ಣಾರೆ ಕಾಣುತ್ತಾನೆ. ಕತ್ತಿ ಎತ್ತಿದವನು ಇಳಿಸುತ್ತಾನೆ. ಬೆಳಗ್ಗೆ ತಾಯಿ ಚಂದ್ರಮತಿ ಕೇಳಿದಾಗ ಕಂಡದ್ದನ್ನು ಕಂಡದ್ದೆಂದು ಹೇಳಲಾರದೆ ಕೆಟ್ಟ ಕನಸು ಬಿತ್ತು ಎನ್ನುತ್ತಾನೆ. ಮಾನ ಕಾಯಲು ಹೇಳಿದ ಈ ಸಣ್ಣ ಸುಳ್ಳಿಗೆ ತಾಯಿ ಶಾಂತಿ ಹುಡುಕುತ್ತಾಳೆ: ದೇವಿಗೆ ಪ್ರಾಣಿಬಲಿ. ಅಹಿಂಸೆಯ ದಾರಿಯವನಾದ ಯಶೋಧರ ಒಪ್ಪುವುದಿಲ್ಲ. ಕೊನೆಗೆ ಸಿಗುವ ಮಧ್ಯದ ದಾರಿ ಹಿಟ್ಟಿನ ಕೋಳಿ. ಜೀವವಿಲ್ಲದ್ದನ್ನು ಕಡಿದರೆ ಕೊಂದಂತಲ್ಲ, ತಾಯಿಯ ಮಾತನ್ನೂ ಮೀರಿದಂತಲ್ಲ. ಕಡಿದಾಗ ಆ ಕೋಳಿ ಕೂಗುತ್ತದೆ. ಕೊಲ್ಲುವ ಸಂಕಲ್ಪವೇ ಕೊಲೆಯಾಗಿ, ತಾಯಿಮಗ ನವಿಲು ನಾಯಿಗಳಾಗಿ ಮೊದಲುಗೊಂಡು ಜನ್ಮಜನ್ಮ ಅಲೆಯುತ್ತಾರೆ.

ಜನ್ಮಾಂತರದ ನಂಬಿಕೆ ಇರಲಿ, ಇಲ್ಲದಿರಲಿ, ಇಲ್ಲಿರುವ ಮನಸ್ಸಿನ ನಕ್ಷೆ ಕರಾರುವಾಕ್ಕಾಗಿದೆ. ಮೊದಲ ಸುಳ್ಳು ಬೇರೆಯವರಿಗೆ ಹೇಳಿದ್ದು, ಎರಡನೆಯದು ತನಗೆ ಹೇಳಿಕೊಂಡದ್ದು. ಎರಡನೆಯದು ಪೂರ್ತಿ ಸುಳ್ಳೂ ಅಲ್ಲ, ಹಿಟ್ಟು ಹಿಟ್ಟೇ. ನಮ್ಮ ಬದುಕಿನ ಹಿಟ್ಟಿನ ಕೋಳಿಗಳೂ ಹೀಗೇ ಅರ್ಧ ನಿಜ. ಸೈಟಿನ ಬೆಲೆಯನ್ನು ಮಾರ್ಗಸೂಚಿ ದರಕ್ಕೆ ನೋಂದಣಿ ಮಾಡಿಸಿ ಉಳಿದದ್ದನ್ನು ನಗದಾಗಿ ಕೊಡುವವರು ‘ನಾವೇನು ಕದ್ದಿಲ್ಲ, ಎಲ್ಲರೂ ಹೀಗೇ ಮಾಡೋದು’ ಎನ್ನುತ್ತಾರೆ. ಎಲ್ಲರೂ ಮಾಡುತ್ತಿರಬಹುದು. ಆದರೆ ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ. ನಾಳೆ ಹಕ್ಕಿನ ತಕರಾರು ಬಂದರೆ ಕೋರ್ಟಿನ ಮುಂದೆ ಕಾಗದದಲ್ಲಿರುವ ಮೊತ್ತಕ್ಕಷ್ಟೇ ಬಲ. ಮಧ್ಯದ ದಾರಿ ಎಂದುಕೊಂಡದ್ದು ನಮ್ಮ ಕೈಯನ್ನೇ ಕಟ್ಟಿಹಾಕಿರುತ್ತದೆ.

ಇನ್ನು ಭಯದ ಬಲೆ. ‘ಡಿಜಿಟಲ್ ಅರೆಸ್ಟ್’ ಎಂದು ಹೆಸರಾದ ವಂಚನೆ ಇದರ ಶುದ್ಧ ರೂಪ. ಮೊದಲು ಒಂದು ಕರೆ: ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ಅಥವಾ ನಿಮ್ಮ ಆಧಾರ್ ಬಳಸಿ ತೆಗೆದ ಸಿಮ್ ಅಪರಾಧದಲ್ಲಿ ಬಳಕೆಯಾಗಿದೆ. ಕರೆ ‘ಪೊಲೀಸ’ರಿಗೆ ವರ್ಗವಾಗಿ ವಿಡಿಯೊಗೆ ಬರುತ್ತದೆ. ಸಮವಸ್ತ್ರ, ಹಿಂದೆ ಇಲಾಖೆಯ ಲಾಂಛನ, ನಕಲಿ ವಾರಂಟ್. ಮೂರನೆಯ ಹೆಜ್ಜೆಯೇ ಪ್ರಾಣ: ಯಾರಿಗೂ ಹೇಳಬೇಡಿ, ಕ್ಯಾಮೆರಾ ಆಫ್ ಮಾಡಬೇಡಿ, ಮನೆಯಿಂದ ಹೊರಗೆ ಹೋಗಬೇಡಿ. ಲಕ್ಷ್ಮಣನನ್ನು ಮೊದಲು ದೂರ ಮಾಡುವ ಕೆಲಸ ಇದು. ಹಲವು ಗಂಟೆಗಳ ನಂತರ ಮೃದುವಾಗಿ ಮಾತಾಡುವ ‘ಹಿರಿಯ ಅಧಿಕಾರಿ’ ಬರುತ್ತಾನೆ: ನೀವು ನಿರಪರಾಧಿ ಅಂತ ನನಗೆ ಗೊತ್ತಾಗ್ತಿದೆ, ಹಣ ಪರಿಶೀಲನೆಗೆ ಈ ಖಾತೆಗೆ ಹಾಕಿ, ಎರಡು ದಿನದಲ್ಲಿ ವಾಪಸ್ ಬರುತ್ತೆ.

ಓದಿದವರು, ನಿವೃತ್ತ ಅಧಿಕಾರಿಗಳು, ಸಾಫ್ಟ್‌ವೇರ್ ಎಂಜಿನಿಯರುಗಳು ಇದಕ್ಕೆ ಸಿಕ್ಕಿಬೀಳುವುದನ್ನು ಕಂಡು ಜನ ಬೆರಗಾಗುತ್ತಾರೆ. ಬೆರಗಾಗಬೇಕಿಲ್ಲ. ಜೀವಮಾನವಿಡೀ ನಿಯಮ ಪಾಲಿಸಿದವರಿಗೆ ‘ಸಹಕರಿಸಿದರೆ ನನ್ನ ಪ್ರಾಮಾಣಿಕತೆ ಸಾಬೀತಾಗುತ್ತದೆ’ ಎನ್ನುವುದು ಬಹಳ ಬಲವಾದ ನಂಬಿಕೆ. ವಂಚಕ ಆ ಒಳ್ಳೆಯತನವನ್ನೇ ಹಿಡಿಕೆ ಮಾಡಿಕೊಳ್ಳುತ್ತಾನೆ. ಮೊದಲ ಕಂತು ಕಳಿಸಿದ ಮೇಲಂತೂ ಅನುಮಾನಪಡುವುದೇ ದುಬಾರಿ. ಅವನು ನಕಲಿ ಎಂದು ಒಪ್ಪಿದ ಕ್ಷಣ ದುಡ್ಡು ಹೋಯಿತು ಎಂದೂ ಒಪ್ಪಬೇಕು. ಅವನು ನಿಜ ಎಂದುಕೊಂಡಷ್ಟು ಹೊತ್ತು ದುಡ್ಡು ಇನ್ನೂ ‘ಪರಿಶೀಲನೆಯಲ್ಲಿ’ ಇದೆ.

ನಮ್ಮ ಕಾನೂನಿನಲ್ಲಿ ವಿಡಿಯೊ ಕರೆಯ ಮೂಲಕ ಬಂಧನ ಎಂಬುದೇ ಇಲ್ಲ. ಹಣವನ್ನು ಪರಿಶೀಲನೆಗೆಂದು ತನ್ನ ಖಾತೆಗೆ ಹಾಕಿಸಿಕೊಳ್ಳುವ ಅಧಿಕಾರ ಯಾವ ಪೊಲೀಸರಿಗೂ, ರಿಸರ್ವ್ ಬ್ಯಾಂಕಿಗೂ ಇಲ್ಲ. ತನಿಖೆಗೆ ಹಾಜರಾಗುವಂತೆ ಪೊಲೀಸರು ಕೊಡುವ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಜಾರಿ ಮಾಡುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಭಯದ ಹೊತ್ತಿನಲ್ಲಿ ಇವು ನೆನಪಾಗುವುದಿಲ್ಲ. ನೆನಪಿಗಿಂತ ಅಭ್ಯಾಸ ಗಟ್ಟಿ. ಯಾವ ಅಧಿಕಾರಿಯ ಕರೆ ಬಂದರೂ ಕಟ್ ಮಾಡಿ ಮನೆಯ ಇನ್ನೊಬ್ಬರಿಗೆ ಹೇಳಿದ ಮೇಲೆಯೇ ಮುಂದಿನ ಮಾತು ಎಂದು ಮನೆಯಲ್ಲಿ ಕಟ್ಟುನಿಟ್ಟು ಮಾಡಿಕೊಳ್ಳುವುದು ಒಂದು ದಾರಿ. ಒಂಟಿಯಾಗಿರುವ ಹಿರಿಯರಿಗೆ ಆ ‘ಇನ್ನೊಬ್ಬರು’ ಯಾರು ಎಂದು ಹೆಸರು, ನಂಬರ್ ಸಮೇತ ನಿಗದಿ ಮಾಡಿ ಫೋನಿನ ಪಕ್ಕದಲ್ಲೇ ಬರೆದಿಡಬೇಕು.

ಸಭಾಪರ್ವದಲ್ಲಿ ಎಲ್ಲರಿಗೂ ನೆನಪಿರುವುದು ಮೊದಲ ಜೂಜು. ನನಗೆ ಹೆಚ್ಚು ಕಾಡುವುದು ಎರಡನೆಯದು. ಧೃತರಾಷ್ಟ್ರ ಎಲ್ಲವನ್ನೂ ಹಿಂದಿರುಗಿಸಿದ್ದಾನೆ, ಪಾಂಡವರು ಊರಿನ ದಾರಿ ಹಿಡಿದಿದ್ದಾರೆ. ಮತ್ತೆ ಕರೆ ಬರುತ್ತದೆ. ಎದುರಿಗೆ ಅದೇ ಶಕುನಿ, ಅವೇ ದಾಳಗಳು. ಧರ್ಮರಾಯ ಮತ್ತೆ ಹೋಗಿ ಕೂರುತ್ತಾನೆ, 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸ ಪಣವಾಗುತ್ತದೆ. ಕರೆದರೆ ಹೋಗುವುದು ಕ್ಷತ್ರಿಯಧರ್ಮ ಎಂಬ ಗೌರವದ ಹೆಸರು ಅದಕ್ಕಿತ್ತು. ಇವತ್ತಿನ ಎರಡನೆಯ ಜೂಜಿಗೂ ಗೌರವದ ಹೆಸರಿದೆ, ‘ರಿಕವರಿ’. ದುಡ್ಡು ಕಳೆದುಕೊಂಡವರ ಪಟ್ಟಿ ವಂಚಕರ ನಡುವೆ ಕೈಬದಲಾಗುತ್ತದೆ. ಕೆಲವು ವಾರಗಳಲ್ಲಿ ‘ಸೈಬರ್ ವಕೀಲ’ರೊಬ್ಬರು ಕರೆ ಮಾಡಿ, ನಿಮ್ಮ ಹಣ ಪತ್ತೆಯಾಗಿದೆ, ಬಿಡಿಸಲು ಶೇ 10 ಕಟ್ಟಿ ಎನ್ನುತ್ತಾರೆ. ಕಳೆದುಕೊಂಡ ನೋವಿನಲ್ಲಿರುವವರಿಗೆ ಇದಕ್ಕಿಂತ ಸಿಹಿ ಮಾತಿಲ್ಲ. ಹಣ ವಾಪಸ್ ಕೊಡಲು ಮುಂಗಡ ಕೇಳಿದರೆ, ಅದನ್ನು ತೆರಿಗೆ, ಶುಲ್ಕ, ಠೇವಣಿ ಏನೆಂದೇ ಕರೆಯಲಿ, ಅದು ವಂಚನೆಯೇ.

ಮನೆಯವರೊಬ್ಬರು ಇಂಥದ್ದರೊಳಗೆ ಸಿಲುಕಿರುವುದು ಕಂಡರೆ ‘ನಿಮಗೆ ಟೋಪಿ ಹಾಕ್ತಿದ್ದಾರೆ’ ಎಂದು ಶುರು ಮಾಡಬಾರದು. ಆ ಮಾತಿಗೆ ಅವರು ವಂಚಕನ ವಕಾಲತ್ತು ವಹಿಸಬೇಕಾಗುತ್ತದೆ, ವಾದಿಸುತ್ತ ವಾದಿಸುತ್ತ ನಂಬಿಕೆ ಗಟ್ಟಿಯಾಗುತ್ತದೆ. ಕೊನೆಗೆ ನಿಮ್ಮ ಹೊಟ್ಟೆಕಿಚ್ಚು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಬದಲಿಗೆ ಪರೀಕ್ಷೆಯೊಂದನ್ನು ಒಟ್ಟಿಗೆ ಮಾಡಿ. ಟ್ರೇಡಿಂಗ್ ಆ್ಯಪ್ ಆದರೆ, ಹಾಕಿದ ಅಸಲನ್ನು ಪೂರ್ತಿ ತೆಗೆಯಲು ಕೇಳಿ. ಸಾವಿರ ಎರಡು ಸಾವಿರ ತೆಗೆದು ನೋಡುವುದು ಪರೀಕ್ಷೆಯಲ್ಲ, ನಂಬಿಕೆ ಬರಲೆಂದು ಅಷ್ಟನ್ನು ಅವರೇ ಕೊಡುತ್ತಾರೆ. ಅಧಿಕಾರಿಯ ಕರೆಯಾದರೆ, ಬನ್ನಿ, ಹತ್ತಿರದ ಠಾಣೆಗೇ ಹೋಗಿ ಸಹಕರಿಸೋಣ ಎನ್ನಿ. ಅವರ ಪ್ರಾಮಾಣಿಕತೆಯನ್ನು ಪ್ರಶ್ನಿಸದೆ ಅದೇ ಹಿಡಿಕೆಯನ್ನು ಸರಿಯಾದ ಕಡೆಗೆ ತಿರುಗಿಸಿದಂತಾಗುತ್ತದೆ.

ದುಡ್ಡು ಹೋಗಿದೆ ಎಂದು ಗೊತ್ತಾದ ಮೇಲೆ ಗಂಟೆಗಳ ಲೆಕ್ಕ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಹಣ ಹೋಗಿರುವ ಖಾತೆಯಲ್ಲಿ ಉಳಿದಷ್ಟನ್ನು ತಡೆಹಿಡಿಸಲು ಸಾಧ್ಯ. ಅದು ಮುಂದಿನ ಖಾತೆಗಳಿಗೆ ಹರಿದು ನಗದಾಗುವ ಮುಂಚೆ ಆಗಬೇಕು. ಕೈಯಲ್ಲಿ ಇರಬೇಕಾದದ್ದು: ವ್ಯವಹಾರದ ಯುಟಿಆರ್ ಸಂಖ್ಯೆ (ಪ್ರತಿ ಹಣ ವರ್ಗಾವಣೆಗೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ), ಹಣ ಹೋದ ಖಾತೆ ಅಥವಾ ಯುಪಿಐ ಐಡಿ, ಮೊತ್ತ, ದಿನಾಂಕ, ವೇಳೆ. ನಾಚಿಕೆಯಿಂದ ಚಾಟ್ ಅಳಿಸಬಾರದು, ಅದೇ ಸಾಕ್ಷ್ಯ. ದೂರಿನ ಸ್ವೀಕೃತಿ ಸಂಖ್ಯೆ ಬರೆದುಕೊಂಡು ಬ್ಯಾಂಕಿಗೂ ಲಿಖಿತ ದೂರು ಕೊಡಬೇಕು. ಈ ಗಂಟೆಗಳನ್ನು ತಿಂದುಹಾಕುವುದು ‘ಸೋಮವಾರದವರೆಗೆ ನೋಡೋಣ, ವಾಪಸ್ ಹಾಕ್ತೀನಿ ಅಂದಿದ್ದಾನಲ್ಲ’ ಎಂಬ ಒಳಗಿನ ದನಿ. ಹತ್ತಿರದವರು ಆಗ ‘ಎಷ್ಟು ಹೋಯ್ತು?’ ಎಂದು ಕೇಳಿದರೆ ಅವರು ಮುಚ್ಚಿಕೊಳ್ಳುತ್ತಾರೆ, ಅರ್ಧ ಮೊತ್ತ ಹೇಳುತ್ತಾರೆ, ದೂರು ನಾಳೆಗೆ ಹೋಗುತ್ತದೆ. ಮೊದಲು ಕೇಳಬೇಕಾದದ್ದು ‘ಕೊನೆಯ ಸಲ ಎಷ್ಟು ಗಂಟೆಗೆ ಕಳಿಸಿದ್ದು, ಯಾವ ಖಾತೆಗೆ?’ ಎಂದು. ಕೇಳುತ್ತಲೇ ಇನ್ನೊಂದು ಕೈಯಲ್ಲಿ 1930 ಒತ್ತಿರಬೇಕು.